ಸೆನ್ಸರ್ ಬದಲಿಸುವ ಮುನ್ನ

ಚೆಕ್ ಎಂಜಿನ್ ದೀಪ ಹೊತ್ತಿ, ಸ್ಕ್ಯಾನರಿನಲ್ಲಿ ಪಿ0118 ಎಂಬ ಸಂಕೇತ ಕಂಡ ಕೂಡಲೇ ಕೂಲೆಂಟ್ ತಾಪದ ಸೆನ್ಸರ್ ಕೆಟ್ಟಿತೆನ್ನುವುದು ಅವಸರದ ತೀರ್ಪು. ಸಂಕೇತ ಹೇಳುವುದು ಆ ಸರ್ಕ್ಯೂಟಿನ ವೋಲ್ಟೇಜ್ ಮಿತಿಮೀರಿದೆ ಎಂದಷ್ಟೇ. ಸಾಮಾನ್ಯವಾಗಿ ಸಿಲಿಂಡರ್ ಹೆಡ್ಡಿನಲ್ಲೋ ಥರ್ಮೋಸ್ಟಾಟ್ ಗೂಡಿನ ಬಳಿಯೋ ಕೂತಿರುವ ಈ ಪುಟ್ಟ ಬಿಡಿಭಾಗದೊಳಗಿರುವುದು ಬಿಸಿಯಾದಷ್ಟೂ ರೋಧ ತಗ್ಗುವ ಥರ್ಮಿಸ್ಟರ್. ಬಹಳಷ್ಟು ಕಾರುಗಳಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು-ಮೂರು ಸಾವಿರ ಓಮ್ ಇರುವ ರೋಧ 80 ಡಿಗ್ರಿಗೆ ಕೆಲವೇ ನೂರಕ್ಕೆ ಇಳಿಯುತ್ತದೆ. ತಂತಿ ತುಂಡಾದರೆ ರೋಧಕ್ಕೆ ಮಿತಿಯೇ ಇಲ್ಲ. ಆಗ ಬಳ್ಳಾರಿಯ ಬೇಸಿಗೆಯಲ್ಲೂ ಸ್ಕ್ಯಾನರ್ ಮೈನಸ್ 40 ತೋರಿಸುವುದುಂಟು! ತುಕ್ಕು ಹಿಡಿದ ಕನೆಕ್ಟರಿನ ತಪ್ಪಿಗೂ ಬೈಸಿಕೊಳ್ಳುವುದು ಸೆನ್ಸರೇ.

ಸೆನ್ಸರ್ ಅಗ್ಗ, ಬದಲಿಸಿಬಿಟ್ಟರೇನು ನಷ್ಟ ಎನ್ನಬಹುದು. ಆದರೆ ಬಿಚ್ಚಿದಾಗ ಕೂಲೆಂಟ್ ಸೋರುತ್ತದೆ, ಗಾಳಿ ಒಳಸೇರುತ್ತದೆ. ದೋಷ ತಂತಿಯಲ್ಲಿದ್ದರೆ ಅದು ಅಲ್ಲೇ ಉಳಿಯುತ್ತದೆ. ಅದಕ್ಕಿಂತ, ರಾತ್ರಿಯೆಲ್ಲ ನಿಂತ ಕಾರಿನ ಇಗ್ನಿಷನ್ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಕೂಲೆಂಟಿನ ತಾಪವನ್ನೂ ಒಳಬರುವ ಗಾಳಿಯ ತಾಪವನ್ನೂ ಸ್ಕ್ಯಾನರಿನಲ್ಲಿ ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲದಿದ್ದರೆ ಕನೆಕ್ಟರ್ ಕಳಚಿ, ಮಲ್ಟಿಮೀಟರಿನಲ್ಲಿ ಸೆನ್ಸರಿನ ರೋಧ ಅಳೆದು, ತಯಾರಕರ ಕೋಷ್ಟಕದೊಡನೆ ತಾಳೆ ನೋಡಿ. ಅದು ಸರಿಯಿದ್ದರೆ ಜಾಲಾಡಬೇಕಾದ್ದು ತಂತಿಯನ್ನು. ಬಿಸಿ ಎಂಜಿನಿನಲ್ಲಿ ಸೆನ್ಸರ್ ಬಿಚ್ಚುವ ಗೋಜಿಗಂತೂ ಹೋಗಬೇಡಿ. ಒತ್ತಡದಲ್ಲಿರುವ ಕೂಲೆಂಟ್ ಚಿಮ್ಮಿ ಕೈ ಸುಡುತ್ತದೆ.