ಭಕ್ತಿ, ಓದು, ನೆಮ್ಮದಿ: ವಿದ್ಯಾರ್ಥಿ ಮನಸ್ಸಿನ ಲೆಕ್ಕ

ಭಕ್ತಿಯ ಬಗ್ಗೆಯೂ ಓದಿನ ಬಗ್ಗೆಯೂ ಮನಶ್ಶಾಸ್ತ್ರ ಕೇಳುವ ಮೊದಲ ಪ್ರಶ್ನೆ ‘ಯಾಕೆ?’ ಎಂಬುದು. 1967ರಲ್ಲಿ ಹಾರ್ವರ್ಡ್‌ನ ಗಾರ್ಡನ್ ಆಲ್‌ಪೋರ್ಟ್ ಮತ್ತು ಮೈಕೆಲ್ ರಾಸ್ ಧಾರ್ಮಿಕತೆಯನ್ನು ಎರಡು ಬಗೆಯಾಗಿ ವಿಂಗಡಿಸಿದರು. ನಂಬಿದ್ದನ್ನೇ ಬಾಳುವುದು ಒಂದು ಬಗೆ. ನಾಲ್ಕು ಜನರ ಒಡನಾಟಕ್ಕೋ ಮರ್ಯಾದೆಗೋ ಧರ್ಮವನ್ನು ಆಶ್ರಯಿಸುವುದು ಇನ್ನೊಂದು.

ಓದಿನ ಪ್ರೇರಣೆಯನ್ನು ಅಳೆಯಲು ಕೆನಡಾದ ರಾಬರ್ಟ್ ವಲೆರಾಂಡ್ ತಂಡ 1992ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲೂ ಇದೇ ಭೇದವಿದೆ. ಕಾಲೇಜಿಗೆ ಹೋಗುವುದೇಕೆ ಎಂಬ ಒಂದೇ ಪ್ರಶ್ನೆಗೆ 28 ಕಾರಣಗಳನ್ನು ಮುಂದಿಟ್ಟು, ಪ್ರತಿಯೊಂದೂ ತನಗೆ ಎಷ್ಟು ಒಪ್ಪುತ್ತದೆಂದು ವಿದ್ಯಾರ್ಥಿ ಅಂಕ ಹಾಕಬೇಕು. ಹೊಸತನ್ನು ತಿಳಿಯುವ ಖುಷಿ, ಮುಂದಿನ ಸಂಬಳದ ಆಸೆ, ಯಾಕೆ ಬಂದೆನೋ ತಿಳಿಯದೆಂಬ ನಿರುತ್ಸಾಹ, ಎಲ್ಲವೂ ಅದರಲ್ಲಿವೆ. ರಿಚರ್ಡ್ ರಯಾನ್ ಮತ್ತು ಸಂಗಡಿಗರು 1993ರಲ್ಲಿ ಈ ಬಗೆಯ ವಿಚಾರವನ್ನು ಅಮೆರಿಕದ ಕ್ರೈಸ್ತರ ನಂಬಿಕೆಗೆ ಅನ್ವಯಿಸಿ ನೋಡಿದರು. ಅಳುಕಿನಿಂದಲೋ ಇತರರ ಒತ್ತಾಯದಿಂದಲೋ ನಡೆಸುವ ಆಚರಣೆ ಮಾನಸಿಕ ಸ್ವಾಸ್ಥ್ಯಕ್ಕೆ ಪೂರಕವಾಗಿರಲಿಲ್ಲ. ಮನಸಾರೆ ಒಪ್ಪಿಕೊಂಡ ನಂಬಿಕೆಯ ಫಲ ಬೇರೆಯಾಗಿತ್ತು. ಇಡೀ ವಿಷಯದಲ್ಲಿ ಮುಖ್ಯವಾದ ಮಾತು ಇದೇ.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಆಸ್ಟಿನ್, ಹೆಲೆನ್ ಆಸ್ಟಿನ್ ಮತ್ತು ಜೆನಿಫರ್ ಲಿಂಡ್‌ಹೋಮ್ ನಡೆಸಿದ ಅಧ್ಯಯನ ಬಲು ದೊಡ್ಡದು. 2004ರಲ್ಲಿ 236 ಕಾಲೇಜುಗಳಿಗೆ ಆಗಷ್ಟೇ ಸೇರಿದ 1 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು, ಅವರಲ್ಲಿ ಸುಮಾರು 14,500 ಮಂದಿಯನ್ನು 2007ರಲ್ಲಿ ಮತ್ತೆ ಪ್ರಶ್ನಿಸಲಾಯಿತು. ಆ ಹೊತ್ತಿಗೆ ಚರ್ಚು ಮೊದಲಾದೆಡೆಯ ಪ್ರಾರ್ಥನೆಗೆ ಹೋಗುವುದು ಬಹಳ ಇಳಿದಿತ್ತು. ಆದರೆ ಬದುಕಿನ ಅರ್ಥ ಹುಡುಕುವ ತವಕ ಹೆಚ್ಚಿತ್ತು. ಧ್ಯಾನ, ಆತ್ಮಾವಲೋಕನಗಳಿಂದ ಆಂತರಿಕವಾಗಿ ಬೆಳೆದವರ ಅಂಕವೂ ಕಾಲೇಜಿನ ಬಗೆಗಿನ ತೃಪ್ತಿಯೂ ಮೇಲೇರಿದ್ದವು. ನಂಬಿಕೆಯ ಬಗ್ಗೆ ತೊಳಲಾಟದಲ್ಲಿದ್ದವರ ಮನಸ್ಸು ಮಾತ್ರ ಬಳಲಿತ್ತು. ಅಂಥವರ ಮಾತಿಗೆ ಕಿವಿಗೊಡುವ ಅಧ್ಯಾಪಕರು ಪ್ರತಿ ಕಾಲೇಜಿನಲ್ಲೂ ಬೇಕು.

ಬದುಕಿನ ತೃಪ್ತಿಗೆ ಎಡ್ ಡೀನರ್ ತಂಡದ 1985ರ ಐದು ಹೇಳಿಕೆಗಳ ಅಳತೆಗೋಲು ಹೆಚ್ಚು ಬಳಕೆಯಲ್ಲಿದೆ. ಅಂಕ 5ರಿಂದ 35. ಅಮೆರಿಕದ ವಯಸ್ಕರ ಬಗ್ಗೆ ಚೇಯೂನ್ ಲಿಮ್ ಮತ್ತು ರಾಬರ್ಟ್ ಪುಟ್ನಮ್ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಾರ್ಥನೆಗೆ ತಪ್ಪದೆ ಹೋಗುವವರ ತೃಪ್ತಿಗೆ ಬಹುಮಟ್ಟಿಗೆ ಅಲ್ಲಿ ಸಿಕ್ಕ ಗೆಳೆಯರೇ ಕಾರಣ. ತುಮಕೂರಿನ ಸಿದ್ಧಗಂಗೆಯಂಥ ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಸಾಮೂಹಿಕ ಪ್ರಾರ್ಥನೆ ದಿನಚರಿಯ ಭಾಗ. ಅಲ್ಲಿನ ಮಕ್ಕಳ ನೆಮ್ಮದಿಯನ್ನು ಅಳೆಯಹೊರಟವರು ಪ್ರಾರ್ಥನೆಯ ಜೊತೆಗೆ, ಒಂದೇ ಪಂಕ್ತಿಯಲ್ಲಿ ಕೂತು ಉಂಡು ಬೆಳೆದ ಸ್ನೇಹವನ್ನೂ ಲೆಕ್ಕಕ್ಕೆ ಹಿಡಿಯಬೇಕು.