ಬಾಂಬರ್ ಕಮಾಂಡ್: ಶೇಕಡಾ ನಾಲ್ಕರ ಲೆಕ್ಕ



ವೈದ್ಯನೊಬ್ಬ ಯುದ್ಧವಿಮಾನಗಳ ವಿಷಯವೆತ್ತುವುದು ಅಧಿಕಪ್ರಸಂಗವೆಂದು ತಮಗೆ ತೋರಬಹುದು. ಆದರೆ ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮಾಂಡಿನ ಚರಿತ್ರೆಯನ್ನು ಮರಣಪ್ರಮಾಣದ ಚರಿತ್ರೆಯಾಗಿಯೂ ಓದಬೇಕಾಗಿದೆ.

1936ರ ಜುಲೈಯಲ್ಲಿ ಹುಟ್ಟಿದ ಈ ಪಡೆ 1968ರಲ್ಲಿ ಸ್ಟ್ರೈಕ್ ಕಮಾಂಡಿನಲ್ಲಿ ವಿಲೀನವಾಯಿತು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಹಗಲು ದಾಳಿಗಳಿಂದ ಭಾರಿ ನಷ್ಟವಾದುದರಿಂದ ಅದು ಇರುಳನ್ನು ಆಶ್ರಯಿಸಿತು. ಇರುಳಿನಲ್ಲಿ ಗುರಿ ಕಾಣುವುದು ದುಸ್ತರ. ಗುರಿ ತಲಪಿದೆವೆಂದು ಹೇಳಿದ ವಿಮಾನಗಳಲ್ಲಿ ಮೂರರಲ್ಲೊಂದು ಮಾತ್ರ ಅದರ ಐದು ಮೈಲಿಯೊಳಗೆ ಹೋಗಿತ್ತೆಂದು 1941ರ ಬಟ್ ವರದಿ ಛಾಯಾಚಿತ್ರಗಳ ಆಧಾರದಿಂದ ತೋರಿಸಿತು. ಕಾರ್ಖಾನೆಯೊಂದನ್ನೇ ಹೊಡೆಯಲಾಗದಿದ್ದಾಗ, 1942ರ ಫೆಬ್ರವರಿಯ ಆದೇಶದಂತೆ ಇಡೀ ನಗರವೇ ಗುರಿಯಾಯಿತು. ಅದೇ ತಿಂಗಳು ಆರ್ಥರ್ ಹ್ಯಾರಿಸ್ ಮುಖ್ಯಸ್ಥರಾದರು. 1943ರಲ್ಲಿ ಹ್ಯಾಂಬರ್ಗ್ ಉರಿಯಿತು. 1945ರಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ದಾಳಿಗಳಿಂದ ಡ್ರೆಸ್ಡೆನ್‌ನಲ್ಲಿ ಸುಮಾರು 25,000 ಜನ ಮಡಿದರು.

ಇನ್ನು ಹಾರಿದವರ ಪಾಡು. ಸ್ವಯಂಪ್ರೇರಣೆಯಿಂದ ಸೇರಿದ ಸುಮಾರು 1,25,000 ವೈಮಾನಿಕರಲ್ಲಿ 55,573 ಮಂದಿ ಅಸುನೀಗಿದರು. ಒಬ್ಬನ ಸೇವಾ ಸರದಿ ಸಾಮಾನ್ಯವಾಗಿ 30 ದಾಳಿಗಳು. ಒಂದೊಂದು ದಾಳಿಯಲ್ಲಿ ನೂರಕ್ಕೆ ನಾಲ್ಕು ವಿಮಾನಗಳು ಮರಳದಿದ್ದರೆ, ಅಂಕಿ ಅಲ್ಪವೆನಿಸುತ್ತದೆ. ಆದರೆ ಮೂವತ್ತು ಬಾರಿ ಗುಣಿಸಿ ನೋಡಿದರೆ ಸರದಿ ಮುಗಿಸುವವರು ನೂರಕ್ಕೆ ಸುಮಾರು 29 ಮಂದಿ ಮಾತ್ರ!

ಈ ಲೆಕ್ಕವನ್ನು ಕಮಾಂಡಿನ ಕಚೇರಿಯಲ್ಲಿ ಕುಳಿತು ಮಾಡುತ್ತಿದ್ದವರಲ್ಲಿ ಮುಂದೆ ಪ್ರಖ್ಯಾತ ಭೌತವಿಜ್ಞಾನಿಯಾದ ತರುಣ ಫ್ರೀಮನ್ ಡೈಸನ್ ಒಬ್ಬರು. ಅನುಭವ ಹೆಚ್ಚಿದಂತೆ ಅಪಾಯ ತಗ್ಗುವುದೆಂಬ ನಂಬಿಕೆಯನ್ನು ಅವರ ಅಂಕಿಗಳು ಸಮರ್ಥಿಸಲಿಲ್ಲ. ಹೊಡೆತ ತಿಂದ ಹ್ಯಾಲಿಫ್ಯಾಕ್ಸ್ ವಿಮಾನದಿಂದ ನೂರಕ್ಕೆ ಸುಮಾರು 25 ಮಂದಿ ಪಾರಾಗುತ್ತಿದ್ದರೆ, ಲ್ಯಾಂಕಾಸ್ಟರ್‌ನಿಂದ ಪಾರಾಗುತ್ತಿದ್ದವರು ಸುಮಾರು 15 ಮಂದಿ. ಲ್ಯಾಂಕಾಸ್ಟರ್‌ನ ತುರ್ತುದ್ವಾರದ ಅಗಲ ಕೇವಲ 22 ಅಂಗುಲ. ಪ್ಯಾರಾಚೂಟು ಕಟ್ಟಿಕೊಂಡವನು ಕತ್ತಲಲ್ಲಿ ಅದರೊಳಗೆ ನುಸುಳಬೇಕಿತ್ತು. ಎರಡು ಅಂಗುಲ ಅಗಲಿಸಿರೆಂದು ಡೈಸನ್ನರ ಸಹೋದ್ಯೋಗಿ ಹೋರಾಡಿದರು. ಒಪ್ಪಿಗೆ ದೊರೆಯುವಷ್ಟರಲ್ಲಿ ಯುದ್ಧ ಮುಗಿಯುತ್ತ ಬಂದಿತ್ತು.

ರೋಗಿಗಳನ್ನು ಶೇಕಡಾವಾರಿನಲ್ಲಿ ಎಣಿಸುವ ನಮ್ಮ ವೃತ್ತಿಗೂ ಇಲ್ಲಿ ಪಾಠವಿದೆ. ಅಂಕಿ ತಿಳಿದರೆ ಸಾಲದು. ತಿಳಿದುದನ್ನು ಸಕಾಲದಲ್ಲಿ ಕಾರ್ಯಗತಗೊಳಿಸುವವರು ಬೇಕು.

2012ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಈ ವೈಮಾನಿಕರ ಸ್ಮಾರಕ ಅನಾವರಣಗೊಂಡಿತು. ಬಾಂಬುಗಳಿಗೆ ಬಲಿಯಾದ ಎಲ್ಲ ದೇಶಗಳ ಜನರನ್ನೂ ಅಲ್ಲಿನ ಶಾಸನ ಸ್ಮರಿಸುತ್ತದೆ. ಮಕ್ಕಳೊಡನೆ ಅತ್ತ ಹೋದಾಗ ಆ ಸಾಲನ್ನೂ ಅವರಿಗೆ ಓದಿಸಿರೆಂದು ವಿನಂತಿಸುತ್ತ, ನನ್ನ ಮಾತುಗಳನ್ನು ಮುಗಿಸುತ್ತೇನೆ.