ತಂತಿಯ ಹೊದಿಕೆ

ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು 1902ರಲ್ಲಿ ಸುಮಾರು 92 ಮೈಲಿಗಳನ್ನು ದಾಟಿ ಕೋಲಾರದ ಚಿನ್ನದ ಗಣಿಗಳನ್ನೂ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ಮುಟ್ಟಿತು. ಅಷ್ಟು ದೂರದ ತಂತಿಗೆ ಎಂಜಿನಿಯರುಗಳ ಎಚ್ಚರವೆಲ್ಲವೂ ಮೀಸಲಾಗಿದ್ದಿತು. ಆದರೆ ಅದೇ ಶಕ್ತಿಯು ಮನೆಯೊಳಗೆ ಹರಿಯುವ ಕೊನೆಯ ಹತ್ತು ಅಡಿಗಳನ್ನು ನಾವು ಸಾಮಾನ್ಯವಾಗಿ ಅಲಕ್ಷಿಸುತ್ತೇವೆ. ಅಪಾಯವು ನಮ್ಮ ಕೈಗೆ ಅತ್ಯಂತ ಸಮೀಪವಾಗಿರುವುದು ಅಲ್ಲಿಯೇ.

ಹಿಂದಿನ ಮನೆಗಳಲ್ಲಿ ತೇಗದ ಪಟ್ಟಿಗೆ ಎರಡು ಗಾಡಿಗಳನ್ನು ಕೊರೆದು, ಅವುಗಳಲ್ಲಿ ತಂತಿಗಳನ್ನು ಮಲಗಿಸಿ, ತೆಳುವಾದ ಮರದ ಮುಚ್ಚಳವನ್ನು ತಿರುಪಿನಿಂದ ಬಿಗಿಯುತ್ತಿದ್ದರು. ಇದೇ ಕೇಸಿಂಗ್ ಮತ್ತು ಕ್ಯಾಪಿಂಗ್. ಮರಕ್ಕೆ ಗೆದ್ದಲು, ತೇವ, ಬೆಂಕಿ ಈ ಮೂರರ ಭಯವೂ ಉಂಟು. ಆದುದರಿಂದ ಅದರ ಸ್ಥಾನಕ್ಕೆ ಪಿ.ವಿ.ಸಿ. ಪಟ್ಟಿಯು ಬಂದಿರುವುದು. ಗಂಗಾನಗರದಂತಹ ಬಡಾವಣೆಗಳಲ್ಲಿ, ಕಟ್ಟಿ ಮುಗಿದ ಮನೆಗೆ ಹೊಸದಾಗಿ ಗೀಸರನ್ನೋ ಇನ್ನೊಂದು ದೀಪವನ್ನೋ ಸೇರಿಸಬೇಕಾದಾಗ, ಗೋಡೆಯನ್ನು ಅಗೆಯದೆ ತಂತಿಯನ್ನು ಒಯ್ಯಲು ಈ ಪಟ್ಟಿಯೇ ಉಪಾಯ. ಬಾಡಿಗೆಯ ಮನೆಯಲ್ಲಂತೂ ಬೇರೆ ದಾರಿಯೇ ಕಡಮೆ.

ತಂತಿಯ ಜೋಡಣೆಯನ್ನು ಪರವಾನಗಿ ಪಡೆದ ಕೆಲಸಗಾರನೇ ಮಾಡತಕ್ಕದ್ದು. ಮೇನ್ ಸ್ವಿಚ್ಚನ್ನು ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಿದ ಮೇಲೆಯೇ ಕೆಲಸಕ್ಕೆ ಕೈಹಾಕಬೇಕು. ಆದರೆ ಕೆಲಸದ ಗುಣವನ್ನು ಅಳೆಯುವ ಕಣ್ಣು ಗೃಹಸ್ಥನಿಗೂ ಇರಬೇಕು. ಮೊದಲು ಗೋಡೆಯ ಮೇಲೆ ತೂಕದ ಗುಂಡಿನಿಂದ ನೆಟ್ಟನೆಯ ಗೆರೆಯನ್ನೂ, ರಸಮಟ್ಟದಿಂದ ಅಡ್ಡಗೆರೆಯನ್ನೂ ಎಳೆದಿರುವನೇ ಎಂದು ನೋಡಿರಿ. ಕಣ್ಣಳತೆಯಲ್ಲಿ ಹೊಡೆದ ಪಟ್ಟಿಯು ಹತ್ತು ಅಡಿಯಲ್ಲಿ ವಾಲದೆ ಇರಲಾರದು.

ಕೊಯ್ಯುವಾಗ ಮುಚ್ಚಳವನ್ನು ತಳಕ್ಕೆ ಹಾಕಿಯೇ ಕೊಯ್ಯಬೇಕು. ಆಗ ಪಕ್ಕಗಳು ಅಲುಗಾಡವು. ಸಣ್ಣ ಹಲ್ಲಿನ ಹ್ಯಾಕ್ಸಾ ಗರಗಸವನ್ನು ಅವಸರವಿಲ್ಲದೆ ಎಳೆಯಬೇಕು. ಕೊಯ್ದ ಬಾಯಲ್ಲಿ ನಿಲ್ಲುವ ಮುಳ್ಳುಗಳನ್ನು ಅರದಿಂದ ಉಜ್ಜಿ ತೆಗೆಯದಿದ್ದರೆ, ತಂತಿಯನ್ನು ಸೇರಿಸುವಾಗ ಅವು ಅದರ ಹೊದಿಕೆಯನ್ನು ಸೀಳುವುವು. ಸೀಳು ಅಂದು ಕಾಣದು. ವರ್ಷಗಳ ಬಳಿಕ ತೇವವು ಸೋಕಿದಾಗ ತನ್ನನ್ನು ತಿಳಿಯಪಡಿಸುವುದು.

ಕೆಲಸಗಾರನ ನಿಜವಾದ ಪರೀಕ್ಷೆಯು ತಿರುವಿನಲ್ಲಿದೆ. ಎರಡು ಪಟ್ಟಿಗಳನ್ನೂ 45 ಡಿಗ್ರಿ ಓರೆಯಾಗಿ ಕೊಯ್ದು ಕೂಡಿಸುವುದು ವಾಡಿಕೆ. ಆದರೆ ಬಾಗಿಲ ಚೌಕಟ್ಟಾಗಲಿ ಸೂರಿನ ಅಂಚಾಗಲಿ ಸರಿಯಾಗಿ 90 ಡಿಗ್ರಿ ಇರುವುದು ಅಪರೂಪ. ಆದುದರಿಂದ ಎರಡು ಪಟ್ಟಿಗಳನ್ನೂ ಅವು ನಿಲ್ಲಬೇಕಾದ ಸ್ಥಾನದಲ್ಲಿ ಒಂದರ ಮೇಲೊಂದಾಗಿ ಹಿಡಿದು, ಹೊರಗಿನ ಅಂಚುಗಳು ಸಂಧಿಸುವ ಬಿಂದುವನ್ನೂ ಒಳಗಿನ ಅಂಚುಗಳು ಸಂಧಿಸುವ ಬಿಂದುವನ್ನೂ ಗುರುತಿಸಿ, ಇವೆರಡನ್ನೂ ಕೂಡಿಸಿದರೆ ಬೇಕಾದ ಓರೆಯು ಲೆಕ್ಕವಿಲ್ಲದೆ ದೊರೆಯುವುದು. ಸಂದಿನಲ್ಲಿ ಬಿರುಕುಳಿದರೆ ಸಿದ್ಧವಾಗಿ ಸಿಗುವ ಮೂಲೆಮುಚ್ಚಳವನ್ನು ಹಾಕಬಹುದು, ಬಿರುಕನ್ನು ಬಿಡಬಾರದು. ಜಿರಲೆಯೂ ಮಗುವಿನ ಕೈಯ ಕಡ್ಡಿಯೂ ಹುಡುಕುವುದು ಆ ಬಿರುಕನ್ನೇ.

ತಳವನ್ನು ಗೋಡೆಗೆ ಅಂಟಿನಿಂದಲ್ಲ, ಗಟ್ಟ ಹೊಡೆದು ತಿರುಪಿನಿಂದ, ಸುಮಾರು ಒಂದೂವರೆ ಅಡಿಗೊಂದರಂತೆ ಬಿಗಿಯಬೇಕು. ಪಿ.ವಿ.ಸಿ. ಬಿಸಿಲಿಗೆ ಹಿಗ್ಗುವುದು: 2 ಮೀಟರಿನ ಪಟ್ಟಿಯು 20 ಡಿಗ್ರಿ ಉಷ್ಣತೆಯೇರಿದರೆ 2ರಿಂದ 3 ಮಿಲಿಮೀಟರಿನಷ್ಟು ಬೆಳೆಯುವುದು. ಬಿಸಿಲು ಬೀಳುವ ಗೋಡೆಯಲ್ಲಿ ಇದಕ್ಕೆ ಸ್ವಲ್ಪ ಎಡೆಯಿಡದಿದ್ದರೆ ಮುಚ್ಚಳವು ಉಬ್ಬಿ ಕಳಚುವುದು. ಒಳಗಿನ ಅವಕಾಶದ ಅರ್ಧಕ್ಕಿಂತ ಹೆಚ್ಚಾಗಿ ತಂತಿಗಳನ್ನು ತುಂಬಬಾರದು. 2000 ವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಪ್ರವಾಹವನ್ನು ಎಳೆಯುವುದು. ಆ ತಂತಿಯು ಬೆಚ್ಚಗಾಗುವುದು ಸಹಜ, ಆ ಬಿಸಿಯು ಹೊರಬೀಳಲು ಎಡೆ ಬೇಕು. ಟೆಲಿಫೋನಿನ ತಂತಿಗೆ ಬೇರೆ ಪಟ್ಟಿಯೇ ಇರಲಿ. ತಂತಿಗಳ ಗಂಟುಗಳು ಪಟ್ಟಿಯೊಳಗೆ ಅಡಗಕೂಡದು. ಅವುಗಳ ಸ್ಥಳವು ಜಂಕ್ಷನ್ ಪೆಟ್ಟಿಗೆ.

ಹೀಗೆ ವಿಚಾರಿಸಿದರೆ, ಅಂದವೆಂದು ನಾವು ಕರೆಯುವ ಒಂದೊಂದರ ಹಿಂದೆಯೂ ಒಂದೊಂದು ರಕ್ಷಣೆಯಿರುವುದು ವ್ಯಕ್ತವಾಗುತ್ತದೆ. ನುಣುಪಾದ ಅಂಚು ಹೊದಿಕೆಯನ್ನು ಕಾಯುವುದು. ಕೂಡಿದ ಮೂಲೆಯು ಬೆರಳನ್ನು ಕಾಯುವುದು. ನೆಟ್ಟನೆಯ ಪಟ್ಟಿಯು, ಮುಂದೆಂದೋ ದುರಸ್ತಿಗೆ ಬರುವ ಅಪರಿಚಿತನಿಗೆ ತಂತಿಯ ಹಾದಿಯನ್ನು ಬಾಯಿಬಿಡದೆ ಹೇಳಿ ಅವನ ಪ್ರಾಣವನ್ನು ಕಾಯುವುದು. ಕೂಲಿಯನ್ನು ಕೊಡುವ ಮೊದಲು ತಿರುವುಗಳನ್ನೊಮ್ಮೆ ದೀಪ ಹಿಡಿದು ನೋಡುವುದು ಅನುಮಾನದ ಲಕ್ಷಣವಲ್ಲ, ಗೃಹಸ್ಥನ ಕರ್ತವ್ಯ.